ಆಂಪ್ಲಿಫೈಯರಿನ ನಾಡಿ ನಾನು ಹಿಡಿದದ್ದು

ಬೇರೆಯವರ ಮನೆಗೆ ಮಾವ ಬಂದರೆ ಶೇಂಗಾವೋ ಸಜ್ಜೆಯೋ ತರುತ್ತಾರೆ. ಮೊನ್ನೆ ರವಿವಾರ ಬೆಳಿಗ್ಗೆ ಜಲನಗರದ ನಮ್ಮ ಮನೆಗೆ ಬಂದ ನನ್ನ ಮಾವ ಅಮೋಘಿಯವರು ಕೆಟ್ಟ ಆಂಪ್ಲಿಫೈಯರ್ ತಂದರು. ನಿಡೋಣಿಯಲ್ಲಿ ಅವರದು ಡೊಳ್ಳಿನ ಹಾಡಿನ ಮೇಳ. ಅಂದು ಸಂಜೆಯೇ ತಿಕೋಟಾದಲ್ಲಿ ಸವಾಲು-ಜವಾಬಿನ ಹಾಡಿಕೆ; ಎದುರು ಮೇಳದ ಒಗಟು ಬಿಡಿಸಲಾಗದವರು ಸೋತಂತೆ. ಹೋದ ವರ್ಷ ಅಲ್ಲಿ ಸೋತ ಅವಮಾನ ತೀರಿಸಿಕೊಳ್ಳಬೇಕಿತ್ತು. ಪೆಟ್ಟಿಗೆ ಮಾತ್ರ ಪಿಟ್ಟೆನ್ನುತ್ತಿರಲಿಲ್ಲ. ಅಥಣಿ ರಸ್ತೆಯ ದೇವಾನಂದನ ರಿಪೇರಿ ಅಂಗಡಿಗೆ ಒಯ್ಯುತ್ತ ಚಹಾಕ್ಕೆಂದು ಇಳಿದಿದ್ದರು. ಚಹಾ ಕುಡಿಸಿ ಕಳಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ನಾನು ಬಿಡಲಿಲ್ಲ. ನನ್ನ ಬಳಿ ಮಲ್ಟಿಮೀಟರ್ ಇತ್ತು. ಮುಳ್ಳಿನದು, ಕೆಂಪು-ಕಪ್ಪು ಎರಡು ಕಡ್ಡಿಯದು. ಕೊಂಡು ಎರಡು ವರ್ಷವಾದರೂ ಅದರ ಘನತೆಗೆ ತಕ್ಕ ಯಂತ್ರ ಮನೆಯಲ್ಲಿ ಕೆಟ್ಟಿರಲಿಲ್ಲ. (ಕೆಟ್ಟದ್ದನ್ನು ಹೆಂಡತಿ ಮಹಾನಂದಾ ನನ್ನ ಕಣ್ಣಿಗೆ ಬೀಳದಂತೆ ಸಾಗಿಸುತ್ತಿದ್ದಳೆಂಬುದು ಬೇರೆ ಮಾತು.) ಮೊಬೈಲಿನಲ್ಲಿ ವಿಡಿಯೊ ಹಚ್ಚಿದೆ. ಮೊದಲ ಎರಡು ನಿಮಿಷ, ಮೀಟರನ್ನೇ ಮೊದಲು ಪರೀಕ್ಷಿಸಿಕೊಳ್ಳಿರೆಂಬ ಬಾಲಬೋಧೆ. ಅದು ನನ್ನಂಥ ಪಂಡಿತರಿಗಲ್ಲವೆಂದು ಮುಂದಕ್ಕೆ ಓಡಿಸಿದೆ.

ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಮೇಳದ ದೇವರು ಅಮೋಘಸಿದ್ಧನ ಭಂಡಾರ, ಇಪ್ಪತ್ತು ವರ್ಷದ ಹಾಡಿಕೆಗಳಲ್ಲಿ ತೂರಿದ ಅರಿಶಿನ. ಭಕ್ತಿಯಿಂದ ಬ್ರಷ್ಷಿನಲ್ಲಿ ಗುಡಿಸಿ ತೆಗೆದು, ಬೋರ್ಡಿನ ಮೇಲೆ ಕಡ್ಡಿ ಊರಿದೆ. ಮುಳ್ಳು ಮಿಸುಕಲಿಲ್ಲ.

“ಇದು ಸತ್ತೈತ್ರಿ ಮಾವಾರ,” ಎಂದೆ.

ಪಕ್ಕದ್ದೂ ಸತ್ತಿತ್ತು. ಅದರಾಚೆಯದೂ. ಹೀಗೆ ಹನ್ನೊಂದು ಬಿಡಿಭಾಗಗಳಿಗೆ ಮರಣಪತ್ರ ಬರೆದೆ. ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದು ಕುಳಿತರು. ಹತ್ತನ್ನು ಬೆಸುಗೆ ಕಾಯಿಸಿ ಕಿತ್ತು ಮಹಾನಂದಾಳ ಮೊರದಲ್ಲಿ ಸಾಲಾಗಿ ಮಲಗಿಸಿದೆ. ಹನ್ನೊಂದನೆಯದು ಫ್ಯೂಸು, ಬಡಪಾಯಿ ಇರಲಿ ಎಂದು ಬಿಟ್ಟೆ. ಕೊನೆಗೆ ಒಂದು ಗೇಣು ಬರಿ ತಂತಿಯೂ ಸತ್ತಿದೆಯೆಂದಾಗ ನನಗೆ ತಂತಿಯ ಮೇಲೇ ಸಂಶಯ ಬಂತು.

ಮಾವನಿಗೆ ಸಂಶಯ ಬೇರೆಯದರ ಮೇಲೆ ಬಂತು. ಎರಡೂ ಕಡ್ಡಿ ಇಸಿದುಕೊಂಡು ಒಂದಕ್ಕೊಂದು ತಾಗಿಸಿದರು.

“ಅಳಿಯಾರ, ಇವ ಒಂದಕ್ಕೊಂದು ಮುಟ್ಟಿದ್ರೂ ಮುಳ್ಳು ಏಳವಲ್ದಲ್ರಿ. ಇದರ ಜೀವ ಎಲ್ಲೈತಿ?”

ಮಹಾನಂದಾ ಗೋಡೆಯ ಕಡೆ ನೋಡಿದಳು. ಮೀಟರಿನ ಬೆನ್ನು ಬಿಚ್ಚಿದರೆ ಸೆಲ್ಲಿನ ಜಾಗ ಖಾಲಿ.

“ದೀಪಾವಳ್ಯಾಗ ಗಡಿಯಾರ ನಿಂತಿತ್ತಲ್ರಿ,” ಎಂದಳು. “ಇದು ಹೆಂಗೂ ಸುಮ್ನ ಬಿದ್ದಿತ್ತು. ಸೆಲ್ ತಗದು ಅದಕ್ಕ ಹಾಕೀನಿ. ಅವತ್ತಿಂದ ಒಂದ್ ನಿಮಿಷ ಹಿಂದ ಬಿದ್ದಿಲ್ಲ ನೋಡ್ರಿ.”

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

ಮೊರದ ಸಮೇತ ದೇವಾನಂದನಲ್ಲಿಗೆ ಓಡಿದೆವು. ಹತ್ತನ್ನೂ ಮತ್ತೆ ಕೂಡಿಸಲು ಅವನಿಗೆ ಮೂರು ತಾಸು ಹಿಡಿಯಿತು. ನಿಜವಾಗಿ ಸತ್ತದ್ದು ಫ್ಯೂಸು ಒಂದೇ, ನಾನು ಕೀಳದೆ ಬಿಟ್ಟದ್ದೂ ಅದೊಂದೇ. ಇವನ್ನೆಲ್ಲ ಕಿತ್ತ ಪುಣ್ಯಾತ್ಮ ಯಾರೆಂದು ಅವನು ಕೇಳಿದಾಗ ಮಾವ, ತಮಗೆ ಗೊತ್ತಿಲ್ಲವೆಂದುಬಿಟ್ಟರು. ಅಂಗಡಿಯಲ್ಲೇ ಅವರ ಕಾಲಿಗೆ ಬೀಳಬೇಕೆನಿಸಿತು. ನನ್ನ ಮಾನವನ್ನು ಅವರು ಸಂಜೆಗೆಂದು ತೆಗೆದಿಟ್ಟುಕೊಂಡದ್ದು ಆಗ ನನಗೆ ತಿಳಿಯಲಿಲ್ಲ.

ತಿಕೋಟಾದಲ್ಲಿ ಎರಡೂ ಮೇಳ ಸಮಸಮ ನಿಂತವು. ಕೊನೆಯ ಸವಾಲು ಮಾವನದು. ಭಂಡಾರ ಹಣೆಗೆ ಹಚ್ಚಿ ಮೈಕು ಹಿಡಿದರು.

“ಹತ್ತು ಮಂದಿ ಜೀವಂತ ಇದ್ರು, ನಾಡಿ ಹಿಡದು ಸತ್ತಾರಂದ. ಆ ವೈದ್ಯಾಗ ತನಗ ಜೀವ ಇರಲಿಲ್ಲ, ಅವನ ಜೀವ ಗ್ವಾಡಿ ಮ್ಯಾಲ ನಡದಿತ್ತು. ಯಾರವ, ಹೇಳ್ರಿ?”

ಎದುರು ಮೇಳದವರು ಪುರಾಣವೆಲ್ಲ ಜಾಲಾಡಿದರು, ಆಕಾಶ ನೋಡಿದರು, ಸೋತೆವೆಂದು ಡೊಳ್ಳು ಕೆಳಗಿಟ್ಟರು. ಉತ್ತರವನ್ನಾದರೂ ಹೇಳಿರೆಂದು ಜನ ಗಂಟುಬಿದ್ದರು. ಮಾವ ಮುಂದಿನ ಸಾಲಿಗೆ ಕೈ ಮಾಡಿದರು.

“ಆ ವೈದ್ಯ ಒಂದು ಮೀಟರ್ರಿ. ಅದರ ಧಣಿ ಇಲ್ಲೇ ಕುಂತಾರ್ರಿ, ನಮ್ಮ ಅಳಿಯಾರು.”

ಆಮೇಲೆ ಬೆಳಗಿನ ಕಥೆಯನ್ನೆಲ್ಲ ಹಾಡಿದರು. ಆಂಪ್ಲಿಫೈಯರ್ ಎಷ್ಟು ಚೆನ್ನಾಗಿ ರಿಪೇರಿಯಾಗಿತ್ತೆಂದರೆ ದೂರದ ಬಬಲೇಶ್ವರದಲ್ಲಿ ಮಲಗಿದ್ದವರೂ ಎದ್ದು ನಕ್ಕರಂತೆ.

ಗೆದ್ದ ಮೇಳಕ್ಕೆ ಬಹುಮಾನ ಒಂದು ಗೋಡೆ ಗಡಿಯಾರ. ಗೆಲುವು ನನ್ನಿಂದಲೇ ಎಂದು ಮಾವ ಅದನ್ನು ನನಗೇ ಕೊಟ್ಟರು. ಮನೆಗೆ ಬಂದು ನೋಡಿದರೆ ಒಳಗೆ ಸೆಲ್ ಇರಲಿಲ್ಲ. ದೇವಾನಂದನ ಅಂಗಡಿಯಿಂದ ಮೀಟರಿಗೆಂದು ಹೊಸದೊಂದು ಸೆಲ್ ತಂದಿದ್ದೆ. ಅದೀಗ ಆ ಗಡಿಯಾರದಲ್ಲಿದೆ.