ಇಂಜಿನಿಯರರ ಕ್ಲಿಯರೆನ್ಸು

ವರ್ಜೀನಿಯಾದ ನನ್ನ ಅಂಗಡಿಗೆ ಬೇಳೆ ಕೊಳ್ಳಲು ಬಂದವರು ಒಂದಲ್ಲ ಒಂದು ಫಜೀತಿಯನ್ನು ಕೌಂಟರಿನ ಮೇಲೆ ಇಟ್ಟೇ ಹೋಗುತ್ತಿದ್ದರು. ಎಪ್ಪತ್ತರ ದಶಕದ ಆ ಬೇಸಿಗೆಯ ಮಧ್ಯಾಹ್ನಗಳು ಅರೆನಿದ್ದೆಯಲ್ಲಿ ಕಂಡ ಹಾಗೆ ನೆನಪಾಗುತ್ತವೆ: ಗುಂಯ್‌ಗುಡುವ ಫ್ಯಾನು, ತೇಲಿ ಬರುವ ಇಂಗಿನ ವಾಸನೆ, ಅಕ್ಕಿ ಮೂಟೆಗೆ ಒರಗಿ ಎತ್ತಲೋ ನೋಡುತ್ತ ನಿಂತ ನಮ್ಮ ಮೈಸೂರಿನ ಇಂಜಿನಿಯರು. ಅಮೆರಿಕದ ಪ್ರಜೆಯಾಗಿ, ಸೈನ್ಯದ ರೇಡಾರ್ ಕೆಲಸಕ್ಕೆ ಅಪ್ಲೈ ಮಾಡಿದ್ದರು. ತನಿಖೆ ಮಾಡಿ, ನಂಬಿಕಸ್ಥನೆಂದು ಸರ್ಕಾರ ಕೊಡುವ ಸೆಕ್ಯೂರಿಟಿ ಕ್ಲಿಯರೆನ್ಸ್ ಸಿಕ್ಕರಷ್ಟೇ ಕೆಲಸ. ಸಾಲಗಾರ, ತೆರಿಗೆಗಳ್ಳ ದುಡ್ಡಿನಾಸೆಗೆ ಗುಟ್ಟು ಮಾರಿಯಾನೆಂದು ಸರ್ಕಾರಕ್ಕೆ ಭಯ.

೧. ಮುಂಗಡ

ಹೆದರಿದ ಇಂಜಿನಿಯರರು ಸಿಕ್ಕಸಿಕ್ಕವರಿಗೆಲ್ಲ ದುಡ್ಡು ಕಟ್ಟಿದರು. ಮುಂದಿನ ತಿಂಗಳ ಬಾಡಿಗೆ, ಬರದೇ ಇದ್ದ ಫೋನ್ ಬಿಲ್ಲು, ಇನ್ನೂ ಕೀಳದ ಹಲ್ಲಿಗೆ ಡಾಕ್ಟರ ಫೀಸು. ತನಿಖೆಯವರು ಪಕ್ಕದ ಮನೆಯಾಕೆಯನ್ನು ವಿಚಾರಿಸಿದರು.

“ಒಳ್ಳೆ ಮನುಷ್ಯ,” ಎಂದಳಂತೆ ಆಕೆ. “ಆದರೆ ಎಲ್ಲರಿಗೂ ಮೊದಲೇ ದುಡ್ಡು ಕಟ್ಟೋದು ನೋಡಿದರೆ, ದೇಶ ಬಿಟ್ಟು ಓಡಿಹೋಗೋ ಹಾಗೆ ಕಾಣ್ತಾನೆ.”

೨. ತೆರಿಗೆ

ಅಷ್ಟರಲ್ಲಿ ಇನ್ನೊಂದು ಬಯಲಾಯಿತು. ಎರಡು ವರ್ಷ ಟ್ಯಾಕ್ಸ್ ಫೈಲ್ ಮಾಡಿರಲಿಲ್ಲ.

“ಸಂಬಳದಲ್ಲೇ ಹಿಡ್ಕೋತಾರಲ್ಲ ಸ್ವಾಮಿ, ಮತ್ತೆ ಕಾಗದ ಯಾಕೆ?”

ನನ್ನ ಅಕೌಂಟೆಂಟು ಕೂತು ಲೆಕ್ಕ ಹಾಕಿದ. ಹೆಚ್ಚೇ ಹಿಡಿದಿದ್ದರು, ಸರ್ಕಾರವೇ ವಾಪಸ್ ಕೊಡಬೇಕಿತ್ತು.

ಇಂಜಿನಿಯರರು ಎದೆಯುಬ್ಬಿಸಿದರು. “ಹಾಗಾದ್ರೆ ಬಾಕಿದಾರರು ಅವರು! ಅವರನ್ನ ಯಾರು ತನಿಖೆ ಮಾಡ್ತಾರೆ?”

“ರೀ,” ಎಂದರು ಅವರ ಹೆಂಡತಿ, “ಕೆಲಸ ಸಿಗೋವರೆಗೂ ಈ ಪ್ರಶ್ನೆ ಮನೇಲೇ ಇರಲಿ.”

೩. ಖಾತೆ

ಒಂದು ಶನಿವಾರ ತನಿಖೆಯವರೊಬ್ಬರು ನನ್ನ ಅಂಗಡಿಗೇ ಬಂದರು.

“ಅವರಿಂದ ನಿಮಗೆ ಬಾಕಿ ಬರಬೇಕಾ?”

“ಒಂದು ಡಾಲರ್.”

“ಎಷ್ಟು ದಿನದಿಂದ?”

“ಆರು ವರ್ಷದಿಂದ.”

ಬರೆಯುತ್ತಿದ್ದ ಪೆನ್ನು ನಿಂತಿತು. ನಾನು ಬಿಡಿಸಿ ಹೇಳಿದೆ: “ನಮ್ಮಲ್ಲಿ ಖಾತೆ ಪೂರ್ತಿ ಚುಕ್ತಾ ಮಾಡಿದರೆ, ಇನ್ನು ಈ ಅಂಗಡಿಗೆ ಕಾಲಿಡೋಲ್ಲ ಅಂತ ಅರ್ಥ. ಅದಕ್ಕೇ ಪ್ರತಿ ತಿಂಗಳೂ ಎಲ್ಲ ಕಟ್ಟಿ, ಒಂದು ಡಾಲರ್ ಉಳಿಸಿ ಹೋಗ್ತಾರೆ.”

ಸುದ್ದಿ ತಿಳಿದ ಇಂಜಿನಿಯರರು ಓಡಿ ಬಂದರು. “ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಲ್ಲ! ತಗೊಳ್ಳಿ ನಿಮ್ಮ ಡಾಲರು!”

“ಈಗ ತಗೊಂಡ್ರೆ ನಾನು ಹೇಳಿದ್ದು ಸುಳ್ಳಾಗುತ್ತೆ. ಸುಮ್ಮನೆ ಮನೆಗೆ ಹೋಗಿ.”

ತಿಂಗಳೊಳಗೆ ಕ್ಲಿಯರೆನ್ಸ್ ಬಂತು. ಅದಾದ ವಾರಕ್ಕೆ ಅದೇ ತನಿಖೆಯವರು ಬಂದು ಮಾವಿನ ಉಪ್ಪಿನಕಾಯಿ ಕೊಂಡರು. ನೋಟು ಎಣಿಸಿಟ್ಟು, ಬೇಕೆಂದೇ ಒಂದು ಡಾಲರ್ ಜೇಬಿಗೆ ವಾಪಸ್ ಹಾಕಿಕೊಂಡರು.

“ನಾನೂ ಮತ್ತೆ ಬರ್ತೀನಿ.”

“ಧಾರಾಳವಾಗಿ ಬನ್ನಿ,” ಎಂದು ಖಾತೆ ತೆರೆದೆ. “ನಿಮ್ಮ ಬಗ್ಗೆ ವಿಚಾರಿಸೋಕೆ ಯಾರನ್ನ ಕಳಿಸ್ತಾರೆ, ಅಷ್ಟು ಹೇಳಿ ಹೋಗಿ.”