ಕಳ್ಳ ಮುಟ್ಟದ ಬಂದೂಕು

ಜಮಖಂಡಿಯ ಬಂದೂಕಿನ ಅಂಗಡಿ ಕಳುವಾದ ರಾತ್ರಿ ಪರಸಪ್ಪ ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಿದ್ದ. ಮರುದಿನ ಬೆಳಿಗ್ಗೆ ಆ ಕಳುವಿಗಾಗಿ ಪೊಲೀಸರು ಅವನನ್ನು ಹಿಡಿದರು.

ಅವನು ಮಾಡಿದ ತಪ್ಪೆಂದರೆ ನಕ್ಕಿದ್ದು.

ವೈಂಡಿಂಗಿಗೆ ಕೊಟ್ಟಿದ್ದ ಮಗ್ಗದ ಸುಟ್ಟ ಮೋಟರನ್ನು ತರಲು, ಮಗ್ಗದ ಸಾಹುಕಾರ ಬಸವಕುಮಾರ ಅವನನ್ನು ಜಮಖಂಡಿಗೆ ಅಟ್ಟಿದ್ದ. "ನಾಳೆ ಮಗ್ಗದ ಪೂಜಿ. ಸಂಜಿ ಒಳಗ ಮೋಟರ್ ಬರಲಿಲ್ಲಂದ್ರ ನೀನೂ ಬರಬ್ಯಾಡ" ಎಂದೂ ಹೇಳಿದ್ದ. ರಿಪೇರಿಯಾದ ಮೋಟರನ್ನು ಗೋಣಿಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡು ಹೊರಟ ಪರಸಪ್ಪ, ಬಂದೂಕಿನ ಅಂಗಡಿಯ ಮುಂದೆ ಮಂದಿ ಸೇರಿದ್ದು ಕಂಡು ನಿಂತ. ಷಟರ್ ಅರ್ಧ ಎದ್ದಿತ್ತು. ಅಂಗಡಿಯ ಮಾಲೀಕ ವಿಶ್ವಾಸರಾಯರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಆಯುಧಗಳಿಗೆ ಪೂಜೆ ಮಾಡುವ ನಾಳಿನ ಖಂಡೇಪೂಜೆಗೆಂದು ಸುತ್ತಲಿನ ದೊಡ್ಡ ಮನೆತನದವರು ಎಣ್ಣೆ ಹಚ್ಚಿಸಲು ಬಿಟ್ಟುಹೋದ ಬಂದೂಕುಗಳೆಲ್ಲ ಅಲ್ಲೇ ಇದ್ದವಲ್ಲ!

"ಏನೇನು ಒಯ್ದಾರ್ರಿ?" ಪೊಲೀಸ್ ಫೌಜದಾರ ಕೇಳಿದ.

"ಇನ್ವರ್ಟರ್ ಬ್ಯಾಟರಿ, ಫ್ಯಾನು, ಹಿತ್ತಾಳಿ ದೀಪ."

"ಬಂದೂಕು?"

"ಒಂದೂ ಒಯ್ದಿಲ್ರಿ. ಬ್ಯಾಟರಿಗೆ ಅಡ್ಡ ಆಗ್ಯಾವಂತ ಮೂಲಿಗೆ ಒಟ್ಟ್ಯಾರ. ಒಂದನ್ನ ಮಾತ್ರ ಷಟರ್ ಬೀಳಬಾರದಂತ ಕೆಳಗ ಆಸರ ಕೊಟ್ಟಾರ."

ನೆರೆದವರೆಲ್ಲ ಹೆಣದ ಮನೆಗೆ ಬಂದವರಂತೆ ಮುಖ ಮಾಡಿ ನಿಂತಿದ್ದರು. ರಾತ್ರಿಪಾಳಿಯಲ್ಲಿ ನಿದ್ದೆಗೆಟ್ಟಿದ್ದ ಪರಸಪ್ಪನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

"ಯಾವನಲೇ ಅವ, ಹಲ್ಲು ತಗಿಯಾವ? ಚೀಲದಾಗೇನೈತಿ?"

"ಮೋಟರ್ ರೀ."

"ಬ್ಯಾಟರಿ ಒಯ್ದವಗ ಮೋಟರ್ ಏನು ಭಾರ! ಹತ್ತಲೇ ಜೀಪ್."

ಕಾನೂನು ಎಷ್ಟು ಚುರುಕಾಗಿತ್ತೆಂದರೆ, ವೈಂಡಿಂಗ್ ಅಂಗಡಿಯವನು ಸಾಕ್ಷಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜೀಪು ಧೂಳೆಬ್ಬಿಸಿ ಹೋಗಿತ್ತು.

ಠಾಣೆಗೆ ಮೊದಲು ಓಡಿಬಂದವರು ಹುನ್ನೂರಿನ ಮುರಗೆಪ್ಪ ಗೌಡರು. ಅವರ ಮನೆಯ ಬಂದೂಕು ಅಜ್ಜನ ಕಾಲದ್ದು. ಹೊಲಕ್ಕೆ ನುಗ್ಗಿದ ಹಂದಿಯನ್ನು ಕೂಡ ಅದು ಎಂದೂ ಹೆದರಿಸಿದ್ದಿಲ್ಲ. ಆದರೆ ಕೂಲಿ ಹೆಚ್ಚಿಗೆ ಕೇಳಲು ಬಂದವರು ಪಡಸಾಲೆಯ ಗೋಡೆಯ ಮೇಲೆ ಅದನ್ನು ಕಂಡು, ಬಂದ ಮಾತನ್ನು ನುಂಗಿಕೊಂಡು ಹೋಗುತ್ತಿದ್ದರು.

"ನಮ್ಮ ಬಂದೂಕ ಐತಿ?"

"ಐತ್ರಿ, ಗೌಡ್ರ. ಕಳ್ಳ ಮುಟ್ಟೇ ಇಲ್ಲ" ಎಂದ ಫೌಜದಾರ.

ಗೌಡರು ಉಸಿರುಬಿಟ್ಟರು. ಆಮೇಲೆ ಅವರ ಮುಖ ನಿಧಾನವಾಗಿ ಹುಳಿ ಹಿಂಡಿದ ಹಾಲಿನಂತಾಯಿತು.

"ಯಾಕ ಮುಟ್ಟಿಲ್ಲ? ಏನ್ ಕಮ್ಮಿ ಆಗೇತಿ ಅದಕ್ಕ? ನಾಳೆ ಬೀಗರು ಬರ್ತಾರ. ಕಳ್ಳ ಒಲ್ಲೆ ಅಂದ ಬಂದೂಕಿಗೆ ಅವರ ಮುಂದ ಹೆಂಗ ಆರತಿ ಮಾಡ್ಲಿ?"

ಅಷ್ಟರಲ್ಲಿ ರಘುವೀರ ಇನಾಮದಾರರು ಬಂದರು. ಷಟರಿಗೆ ಆಸರೆಯಾಗಿದ್ದ ಬಂದೂಕು ಅವರದು. ಅವರ ಎದೆ ಒಂದು ಗೇಣು ಮುಂದಿತ್ತು.

"ನಮ್ಮದನ್ನರ ಕಳ್ಳ ಕೈಯಾಗ ಹಿಡದಾನ, ಗೌಡ್ರ."

"ಹಿಡದು ಬಿಟ್ಟಾನಲ್ರಿ! ನಮ್ಮದನ್ನ ಮುಟ್ಟಾಕ ಅಂಜ್ಯಾನ."

ವಾದ ಮುಗಿಯದೆ, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪರಸಪ್ಪನ ಕಡೆಗೆ ಇಬ್ಬರೂ ತಿರುಗಿದರು.

"ತಮ್ಮಾ, ಖರೆ ಹೇಳು" ಎಂದರು ಗೌಡರು. "ನಮ್ಮ ಬಂದೂಕ ನೋಡಿ ನಿನಗ ಆಸೆ ಆತಿಲ್ಲೊ?"

"ನಾ ಅಲ್ಲಿ ಇರಲೇ ಇಲ್ರಿ, ಗೌಡ್ರ."

"ಇರಲಿಲ್ಲಂದ್ರ ಇರಲಿ. ಆಸೆ ಆತೊ ಇಲ್ಲೊ, ಅದನ್ನ ಹೇಳು."

ಪರಸಪ್ಪನ ಫೋನು ಬಡಿದುಕೊಂಡಿತು. ಬನಹಟ್ಟಿಯಿಂದ ಸಾಹುಕಾರ. "ಅವರನ್ನಽ ಕೇಳ್ರಿ, ಸಾಹೇಬ್ರ! ರಾತ್ರಿ ಪೂರ್ತಿ ಅವರ ಮಗ್ಗದ ಮ್ಯಾಗಿದ್ದೆ" ಎಂದು ಪರಸಪ್ಪ ಕೈಮುಗಿದ. ಫೌಜದಾರ ಫೋನೆತ್ತಿ ಕೇಳಿ, ಕೆಳಗಿಟ್ಟ.

"ಆಳನ್ನ ಬೇಕಾದ್ರ ಇಟ್ಕೊಳ್ರಿ, ಮೋಟರ್ ಲಗೂನ ಕಳಸ್ರಿ ಅಂದ್ರಪಾ ನಿಮ್ಮ ಸಾಹುಕಾರ್ರು."

ಹೀಗೆ ಮೋಟರು ನಿರಪರಾಧಿಯೆಂದು ಸಾಬೀತಾಗಿ, ಪೇದೆಯ ಬೈಕಿನ ಹಿಂದೆ ಕೂತು ಬನಹಟ್ಟಿಗೆ ಹೋಯಿತು.

ಮಧ್ಯಾಹ್ನ ಮುಧೋಳದಲ್ಲಿ ಖರೆ ಕಳ್ಳ ಸಿಕ್ಕ. ಸುಭಾಷ್ ಎಂದು ಹೆಸರು. ಬ್ಯಾಟರಿ ಮಾರಲು ನಿಂತಲ್ಲೇ ಹಿಡಿದು ಕರೆತಂದರು. ಯಾರೂ ಹೊಡೆಯುವ ಮೊದಲೇ ಎಲ್ಲ ಒಪ್ಪಿಕೊಂಡ. ಪರಸಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುನಿಂತ.

"ತಡಿ" ಎಂದು ಅವನನ್ನು ತಡೆದು ಗೌಡರು ಸುಭಾಷನ ಮುಂದೆ ನಿಂತರು. "ಬಂದೂಕು ಯಾಕ ಬಿಟ್ಟಿ?"

ಸುಭಾಷ್ ಕಣ್ಣು ಪಿಳಿಪಿಳಿ ಬಿಟ್ಟ. "ಬಂದೂಕ? ಅವು ಬಂದೂಕೇನ್ರಿ? ನಾ ಗುಜರಿ ಅಂಗಡಿ ಅಂತ ಹೊಕ್ಕಿದ್ದೆ. ತುಕ್ಕು ಹಿಡದ ಪೈಪಂತ ಬದಿಗಿಟ್ಟೆ. ಕೇಜಿಗೂ ಛಲೋ ರೇಟ್ ಬರೂದಿಲ್ಲ ಬಿಡ್ರಿ ಅದಕ್ಕ."

ಗೌಡರು ಇನಾಮದಾರರ ಮುಖ ನೋಡಿದರು.

"ಇವ ಕಳ್ಳನಽ ಅಲ್ಲ" ಎಂದರು ಇನಾಮದಾರರು.

"ಅಲ್ಲಽ ಅಲ್ಲ" ಎಂದರು ಗೌಡರು. ಬೆಳಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತದು. "ಇವ ಕೋರ್ಟ್‌ನ್ಯಾಗ ನಿಂತು ಪೈಪ್ ಅಂದ್ರ ಜಡ್ಜ್ ಸಾಹೇಬ್ರು ಬರಕೋತಾರ. ಮಾನ ಹೋಗತೈತಿ, ಫೌಜದಾರ್ರ."

ಫೌಜದಾರನೂ ಯೋಚಿಸಿದ. ಬ್ಯಾಟರಿ ಕಳ್ಳನನ್ನು ಹಿಡಿದರೆ ಪೇಪರಿನಲ್ಲಿ ಒಂದು ಗೆರೆ. ಬಂದೂಕು ಕಳ್ಳನನ್ನು ಹಿಡಿದರೆ ಫೋಟೋ.

"ಬಾಯಿ ತೆರದೀ ಅಂದ್ರ ಚರ್ಮ ಸುಲಿತೇನಿ" ಎಂದು ಸುಭಾಷನನ್ನು ಹಿಂದಿನ ಬಾಗಿಲಿನಿಂದ ಬಿಟ್ಟರು. ಅವನು ಬ್ಯಾಟರಿಯ ಕಡೆ ಒಮ್ಮೆ ಆಸೆಯಿಂದ ನೋಡಿ ಓಡಿದ.

ಮೇಜಿನ ಮೇಲೆ ಎರಡೂ ಬಂದೂಕು ಬಂದವು. ಹೊರಗೆ ಪೇಪರಿನವರು ಬಂದರು.

"ಬಾರಲೇ ಪರಸಪ್ಪ" ಫೌಜದಾರ ಮೆತ್ತಗೆ ಕರೆದ. "ಒಂದೊಂದು ಕೈಯಾಗ ಒಂದೊಂದು ಹಿಡಿ. ಬಂದೂಕು ಕದ್ದಾವ ನೀನಽ ಅಂತ ಫೋಟೋ ತಗೀಲಿ. ನಾಳೆ ಗೌಡ್ರು ಜಾಮೀನು ಕೊಡ್ತಾರ, ಮನಿಗೆ ಹೋಗು. ಹಿಡಿಲಿಲ್ಲೊ, ಇಲ್ಲೇ ಕೊಳಿತಿ."

ಪರಸಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಕಳ್ಳಗಿದ್ದಷ್ಟು ಮರ್ಯಾದಿ ನನಗೂ ಐತ್ರಿ, ಸಾಹೇಬ್ರ. ಹಿಡಿಯಂಗಿಲ್ಲ."