ನಾಲ್ಕು ಹಲ್ಲಿನ ಇಂಜಿನ್ನು

ಕಾರಿನ ಚಾವಿ ತಿರುಗಿಸುವುದೆಂದರೆ ಅದಕ್ಕೆ ಕೀ ಕೊಡುವುದು ಎಂದು ನಾನು ಬಹಳ ಕಾಲ ನಂಬಿದ್ದೆ. ಗೋಡೆ ಗಡಿಯಾರಕ್ಕೆ, ತಗಡಿನ ಆಟದ ಕೋಳಿಗೆ ಕೊಡುತ್ತೇವಲ್ಲ, ಹಾಗೆ. ಒಳಗೆಲ್ಲೋ ಭಾರೀ ಸ್ಪ್ರಿಂಗು ಇರುತ್ತದೆ, ಬೆಳಿಗ್ಗೆ ಸುತ್ತಿಟ್ಟರೆ ಸಂಜೆಯ ತನಕ ಬಿಚ್ಚಿಕೊಳ್ಳುತ್ತಾ ಓಡುತ್ತದೆ ಎಂಬುದು ನನ್ನ ಸಿದ್ಧಾಂತ. ಚಿಕ್ಕವನಿದ್ದಾಗ ನಂಬಿದ್ದರೆ ಮಾತು ಬೇರೆ. ಕೆಲಸಕ್ಕೆ ಸೇರಿ, ಆಫೀಸಿನ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡ ಮೇಲೂ ನಂಬಿದ್ದೆ. ಒಮ್ಮೆ ಮ್ಯಾನೇಜರರ ಕಾರು ಏರುದಾರಿಯಲ್ಲಿ ಏದುಸಿರು ಬಿಟ್ಟು ನಿಂತಾಗ, "ಸಾರ್, ಕೀ ಮುಗಿದಿರಬೇಕು, ಇನ್ನೆರಡು ಸುತ್ತು ತಿರುಗಿಸಿ" ಎಂದು ಸಲಹೆ ಕೊಟ್ಟ ಮಹಾನುಭಾವ ನಾನು. ಅಂದಿನಿಂದ ಅವರು ನನ್ನನ್ನು ಕಾರಿಗೆ ಹತ್ತಿಸಿಕೊಂಡಿಲ್ಲ, ಬಡ್ತಿಯ ಮಾತನ್ನೂ ಎತ್ತಿಲ್ಲ.

ಹೀಗೆ ನನ್ನ ಮರ್ಯಾದೆಯನ್ನು ನಾನೇ ಮೊದಲು ಬೀದಿಗಿಟ್ಟದ್ದಕ್ಕೆ ಕಾರಣವಿದೆ. ಮುಂದಿನದು ನನ್ನ ಭಾವನ ಕಥೆ. ನನ್ನಂತಲ್ಲ, ಅವರಿಗೆ ಕಾರಿನ ವಿಷಯ ಗೊತ್ತು. ಗೊತ್ತಿರುವವರ ಪಾಡು ಏನಾಗುತ್ತದೆ, ಕೇಳಿ.

ಅಕ್ಕನ ಗಂಡ, ಅಂದರೆ ನಮ್ಮ ಮನೆಯಲ್ಲೇ ಇರುವ ಭಾವ, ದಂತವೈದ್ಯರು. ಯಾರದೋ ದೊಡ್ಡ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ಹಲ್ಲು ಕೀಳುತ್ತಾರೆ. ದಿನವಿಡೀ ಬಾಯಿ ಬಿಟ್ಟವರನ್ನೇ ನೋಡಿ ನೋಡಿ ಸಾಕಾಗಿ, ಬಾಯಿ ಮುಚ್ಚಿಕೊಂಡಿರುವ ಒಂದು ಜೀವ ಬೇಕೆನ್ನಿಸಿ ಅವರು ಹಳೆಯ ಕಾರುಗಳನ್ನು ಪ್ರೀತಿಸತೊಡಗಿದರಂತೆ. ಅಕ್ಕ ಇದನ್ನು ಒಪ್ಪುವುದಿಲ್ಲ. ಮನೆಯ ಮುಂದಿನ ಕಾರಿನ ಬಾನೆಟ್ಟು ಮುಚ್ಚಿದ್ದನ್ನು ಮದುವೆಯಾದಾಗಿನಿಂದ ತಾನು ನೋಡಿಲ್ಲ ಎನ್ನುತ್ತಾಳೆ.

ಕಾರು ನಮ್ಮಪ್ಪನದು. ಅಪ್ಪ ಡ್ರೈವಿಂಗ್ ಶಾಲೆ ನಡೆಸುತ್ತಿದ್ದವರು. ಕಲಿಯುವವರು ಸ್ಟೇರಿಂಗ್ ಹಿಡಿದರೆ ಅಪ್ಪ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ಅವರ ಕಾಲಡಿಗೂ ಒಂದು ಬ್ರೇಕು. ಅರ್ಧ ಊರು ಆ ಕಾರಿನಲ್ಲಿ ಕಲಿತಿದೆ, ಉಳಿದರ್ಧ ಊರು ಅದಕ್ಕೆ ದಾರಿ ಬಿಟ್ಟು ಓಡಿದೆ. ಅಕ್ಕನೂ ಕಲಿತದ್ದು ಅದರಲ್ಲೇ. ಮೊದಲ ದಿನ ಅತ್ತು, ಎರಡನೇ ದಿನ ಗೇಟಿಗೆ ಗುದ್ದಿ, ಮೂರನೇ ದಿನ ಅಪ್ಪನಿಗೇ ಕಲಿಸಲು ಹೊರಟವಳು ಅವಳು. ಶಾಲೆ ಮುಚ್ಚಿದ ಮೇಲೆ ಕಾರಿನ ಇಂಜಿನ್ನೂ ಕಣ್ಣು ಮುಚ್ಚಿತು. ಆಗ ಭಾವ ತೊಡೆ ತಟ್ಟಿ ಮುಂದೆ ಬಂದರು. ಯಾವುದೋ ಅಪಘಾತದಲ್ಲಿ ಹಿಂಭಾಗ ಮಾತ್ರ ಅಪ್ಪಚ್ಚಿಯಾಗಿದ್ದ ಹೊಸ ಕಾರೊಂದರಿಂದ ಟರ್ಬೊ ಇಂಜಿನ್ ಕಿತ್ತು ತಂದು ಈ ಮುದುಕನ ಎದೆಗೆ ಕೂರಿಸಿದರು. ಟರ್ಬೊ ಎಂದರೆ ಇಂಜಿನ್ನಿನ ಗಂಟಲಿಗೆ ಗಾಳಿಯನ್ನು ಒತ್ತಿ ಒತ್ತಿ ತುರುಕುವ ಪಂಖ. ಇಷ್ಟನ್ನು ನನಗೆ ಅರ್ಥ ಮಾಡಿಸಲು ಭಾವ ಒಂದು ಬಲೂನು, ಎರಡು ಊಟದ ತಟ್ಟೆ ಮತ್ತು ಬಹಳ ತಾಳ್ಮೆ ಖರ್ಚು ಮಾಡಿದ್ದರು.

ಎಲ್ಲ ಹೊಸದಾದರೂ ಇಂಜಿನ್ನಿಗೆ ಬೆಂಕಿ ಹಚ್ಚುವ ಏರ್ಪಾಡು ಮಾತ್ರ ಹಳೆಯದೇ ಉಳಿಯಿತು. ನಾಲ್ಕು ಸಿಲಿಂಡರಿಗೂ ಸೇರಿ ಒಂದೇ ಕಾಯಿಲ್ಲು. ಅದು ಹುಟ್ಟಿಸಿದ ಕಿಡಿಯನ್ನು ನಾಲ್ಕೂ ಪ್ಲಗ್ಗಿಗೆ ಸರದಿಯ ಮೇಲೆ ಹಂಚುವ ಡಿಸ್ಟ್ರಿಬ್ಯೂಟರು. ಚೆನ್ನಾಗಿರುವುದನ್ನು ಯಾಕೆ ಎಸೆಯಬೇಕು ಎಂದು ಭಾವ ಉಳಿಸಿಕೊಂಡಿದ್ದರು. ನಾವು ನಾಲ್ವರೂ ಕೂತು ಮೊದಲ ಸಲ ಹೊರಟಾಗ, ಊರಿನ ನೀರಿನ ಟ್ಯಾಂಕಿಗೆ ಹೋಗುವ ಏರಿನಲ್ಲಿ ಅದರ ಬಂಡವಾಳ ಬಯಲಾಯಿತು. ಟರ್ಬೊ ಗಾಳಿ ಊದಿದ್ದೇ ತಡ, ಬಿರುಗಾಳಿಯಲ್ಲಿ ಗೀರಿದ ಕಡ್ಡಿಯಂತೆ ಕಿಡಿ ಫುಸ್ಸೆಂದು ಆರಿತು. ಕಾರು ಕೆಮ್ಮಿತು, ಬಿಕ್ಕಿತು, ಆಮೇಲೆ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೇ ಹೊರಟಿತು. ಪಕ್ಕದಲ್ಲಿದ್ದ ಅಪ್ಪ ತಮ್ಮ ಬ್ರೇಕನ್ನು ಒತ್ತಿರದಿದ್ದರೆ ನಾವೆಲ್ಲ ಕೆಳಗಿನ ಹಾಸಿಗೆ ಅಂಗಡಿಯಲ್ಲಿ ಮಲಗಿರುತ್ತಿದ್ದೆವು.

ಮನೆಗೆ ಬಂದು ಅಪ್ಪ ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು. ಬರುವ ಭಾನುವಾರ ಮನೆಯ ನಾಲ್ಕೂ ಜನರನ್ನು ಹೊತ್ತು ಕಾರು ಅದೇ ಏರು ಹತ್ತಬೇಕು. ಹತ್ತದಿದ್ದರೆ ಸೋಫಾದವನಿಗೆ. ಈ ಸೋಫಾದವನೆಂದರೆ ಹಳೆಯ ಕಾರುಗಳನ್ನು ಸೊಂಟಕ್ಕೆ ಸರಿಯಾಗಿ ಕತ್ತರಿಸಿ, ಹಿಂದಿನ ಅರ್ಧಕ್ಕೆ ಮೆತ್ತೆ ಹಾಕಿ, ಹೋಟೆಲುಗಳ ಮುಂಗೋಣೆಗೆ ಆಸನ ಮಾಡಿ ಮಾರುವ ಕಟುಕ. ಕೆಂಪು ದೀಪಗಳು ಉರಿಯುತ್ತಲೇ ಇರುತ್ತವಂತೆ, ಅದು ಅವನ ಕಲೆ.

ಅಕ್ಕ ಗಲಾಟೆ ಮಾಡಲಿಲ್ಲ. ಅವಳು ಗಲಾಟೆ ಮಾಡದಿದ್ದರೆ ನಮಗೆಲ್ಲ ಭಯ. ತಟ್ಟೆ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ನಾನು ಗೇರ್ ಹಾಕೋದು ಕಲಿತ ಕಾರಿನ ಮೇಲೆ ಯಾರೋ ಕಾಲ ಮೇಲೆ ಕಾಲು ಹಾಕ್ಕೊಂಡು ಕಾಫಿ ಕುಡಿಯೋದನ್ನ ನನ್ನಿಂದ ನೋಡಕ್ಕಾಗಲ್ಲ ರೀ."

ಭಾವನಿಗೆ ಅಷ್ಟು ಸಾಕಾಯಿತು. ಎದ್ದು ನಿಂತರು, ತೋಳು ಮಡಿಸಿದರು. "ಮೂವತ್ತೆರಡು ಹಲ್ಲಿನ ಬಾಯಿ ಸಂಭಾಳಿಸೋನಿಗೆ ನಾಲ್ಕು ಪ್ಲಗ್ಗಿನ ಇಂಜಿನ್ ಯಾವ ಲೆಕ್ಕ? ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್ ಕೂರಿಸ್ತೀನಿ. ಗಾಳಿ ಅಲ್ಲ, ಸುಂಟರಗಾಳಿ ಬಂದ್ರೂ ಕಿಡಿ ಆರಬಾರದು."

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎನ್ನುತ್ತಾರಲ್ಲ, ಭಾವನ ಕೈಯಲ್ಲಿ ಕೊಡಲಿಯೇ ಸಣ್ಣದಾಯಿತು. ನಾಲ್ಕು ಕಾಯಿಲ್ಲುಗಳು ಬಂದವು. ಯಾವ ಕಾಯಿಲ್ಲು ಯಾವಾಗ ಉರಿಯಬೇಕೆಂದು ಅಪ್ಪಣೆ ಕೊಡಲು ಅಂಗೈಯಗಲದ ಕಂಪ್ಯೂಟರ್ ಡಬ್ಬಿ ಬಂತು. ಇಂಜಿನ್ ಎಷ್ಟು ತಿರುಗಿದೆ ಎಂದು ಡಬ್ಬಿಗೆ ಚಾಡಿ ಹೇಳಲು ಒಂದು ಸೆನ್ಸರು ಬಂತು. ಇವರೆಲ್ಲರನ್ನೂ ಒಬ್ಬರಿಗೊಬ್ಬರು ಪರಿಚಯಿಸಲು ಮಾರುಗಟ್ಟಲೆ ತಂತಿ ಬಂತು. ತಂತಿ ಎಳೆಯಬೇಕೆಂದು ಡ್ಯಾಷ್‌ಬೋರ್ಡು ಹೊರಬಂತು, ಡ್ಯಾಷ್‌ಬೋರ್ಡಿನ ಹಿಂದೆಯೇ ಹಾರನ್ನು, ವೈಪರು, ಬಹಳ ವರ್ಷಗಳ ಹಿಂದೆ ಕಳೆದುಹೋಗಿದ್ದ ಅಪ್ಪನ ಕನ್ನಡಕ ಎಲ್ಲ ಹೊರಬಂದವು. ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಟೀವಿಯ ಮುಂದೆ ಸ್ಟೇರಿಂಗು, ಊಟದ ಮೇಜಿನ ಮೇಲೆ ತಂತಿಗಳ ಜಡೆ. ತಂತಿಯ ಕೀಲುಗಳ ಮೇಲೆ ಪ್ಲಾಸ್ಟಿಕ್ ಕೊಳವೆ ಕುಗ್ಗಿಸಿ ಬಿಗಿಯಲು ಬಿಸಿಗಾಳಿ ಬೇಕಾಗಿ ಅಕ್ಕನ ಕೂದಲು ಒಣಗಿಸುವ ಯಂತ್ರ ಪ್ರಾಣತ್ಯಾಗ ಮಾಡಿತು.

ಭಾವನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ತಲೆಗೆ ದೀಪ ಕಟ್ಟಿಕೊಂಡು, ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನು ಇಂಜಿನ್ನಿನ ಸಂದಿಗೆ ತೂರಿಸಿ, ಒಂದೊಂದು ಪ್ಲಗ್ಗಿನ ಬಾಯಿಯನ್ನೂ ಚೂಪುಗಡ್ಡಿಯಲ್ಲಿ ಕೆರೆದು ಅಗಲ ಸರಿಪಡಿಸುವಾಗ ಅವರ ಮುಖದಲ್ಲಿ ಕ್ಲಿನಿಕ್ಕಿನ ಕಳೆ ಇರುತ್ತಿತ್ತು. "ಸ್ವಲ್ಪ ಜುಮ್ಮೆನ್ನುತ್ತೆ, ತಡ್ಕೊಳ್ಳಿ" ಎಂದು ಅವರು ಮೂರನೆಯ ಪ್ಲಗ್ಗಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೊರಗೆ ಬಂದದ್ದೆಲ್ಲ ಮತ್ತೆ ಒಳಗೆ ಹೋಗುತ್ತದೆಯೇ ಎಂದು ಅಕ್ಕ ವಿಚಾರಿಸಿದಳು. ಕಿತ್ತ ಬುದ್ಧಿಹಲ್ಲನ್ನು ಯಾರಾದರೂ ಮತ್ತೆ ಬಾಯಿಗೆ ಹಾಕುತ್ತಾರೆಯೇ ಎಂದು ಭಾವ ಕೇಳಿದರು. ಅವಳು ವೈಪರನ್ನು ಅವರ ದಿಂಬಿನ ಮೇಲೆ ಇಟ್ಟು ಬಂದಳು.

ಭಾನುವಾರ ಬಂತು. ಭಾವನಿಗಿಂತ ಮೊದಲು ಸೋಫಾದವನು ಎದ್ದು ಬಂದಿದ್ದ. ಕೈಯಲ್ಲಿ ಅಳತೆಯ ಟೇಪು. ಮನೆಯ ಮುಂದೆ ನಿಂತಿದ್ದ ಕಾರಿನ ಹಿಂಭಾಗವನ್ನು ಅಡ್ಡಡ್ಡ, ಉದ್ದುದ್ದ ಅಳೆದು, ಸೀಮೆಸುಣ್ಣದಲ್ಲಿ ಬಾಗಿಲ ಬಳಿ ಒಂದು ಗೆರೆಯನ್ನೂ ಎಳೆದುಬಿಟ್ಟ. ಗೆರೆ ನೋಡಿ ಅಕ್ಕ ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಅಳಿಸಿದಳು. ಅವನು ಮತ್ತೆ ಎಳೆದ. ಅವಳು ಮತ್ತೆ ಅಳಿಸಿದಳು.

ಭಾವ ಚಾಲಕನ ಸೀಟಿನಲ್ಲಿ ಕೂತು, ಮಹಾರಾಜರು ಕತ್ತಿ ಹಿರಿಯುವ ಗಾಂಭೀರ್ಯದಿಂದ ಚಾವಿ ತಿರುಗಿಸಿದರು.

ಢಂ!

ಸೈಲೆನ್ಸರಿನಿಂದ ಹೊರಟ ಕಪ್ಪು ಮೋಡ ಸೀದಾ ಹೋಗಿ ತಂತಿಯ ಮೇಲೆ ಒಣಗುತ್ತಿದ್ದ ಭಾವನ ಬಿಳಿ ಕೋಟುಗಳನ್ನು ಅಪ್ಪಿಕೊಂಡಿತು. ಬೀದಿಯ ನಾಯಿಗಳೆಲ್ಲ ಬೇರೆ ಬೀದಿಗೆ ವರ್ಗ ಮಾಡಿಸಿಕೊಂಡವು. ಎದುರು ಮನೆಯ ಮೂರೂ ಕಿಟಕಿ ತೆರೆದವು, ಮೂರರಲ್ಲೂ ತಲೆ. ಭಾವ ಇನ್ನೊಮ್ಮೆ ತಿರುಗಿಸಿದರು. ಇನ್ನೊಂದು ಢಂ. ಮತ್ತೊಮ್ಮೆ. ಇಂಜಿನ್ನು ಹೊತ್ತಿಕೊಳ್ಳುವ ಬದಲು ಸೀನುತ್ತಿತ್ತು. ಸೋಫಾದವನು ಟೇಪು ಮಡಚಿ, ಟ್ರಕ್ಕಿಗೆ ಹೇಳಿಕಳುಹಿಸಲೇ ಎಂದು ಅಪ್ಪನನ್ನು ಮೆಲ್ಲಗೆ ಕೇಳಿದ. ಅಪ್ಪ ಇಲ್ಲವೆನ್ನಲಿಲ್ಲ.

ಭಾವ ಇಳಿದು ಬಂದು ತೆರೆದ ಬಾನೆಟ್ಟಿನ ಮುಂದೆ ನಿಂತರು. ಕಾಯಿಲ್ಲು ಸರಿಯಿದೆ, ಪ್ಲಗ್ಗು ಸರಿಯಿದೆ, ತಂತಿ ಸರಿಯಿದೆ, ಡಬ್ಬಿಯಲ್ಲಿ ದೀಪ ಉರಿಯುತ್ತಿದೆ. ಇಷ್ಟು ವರ್ಷದಲ್ಲಿ ಯಾವ ಬಾಯಿಯೂ ಅವರಿಗೆ ಹೀಗೆ ಎದುರು ಮಾತಾಡಿರಲಿಲ್ಲ. ಹಣೆಯ ಬೆವರು ಒರೆಸಿಕೊಂಡ ಕೈಯಲ್ಲಿ ಗ್ರೀಸಿದ್ದದ್ದು ಅವರಿಗೆ ಆಮೇಲೆ ತಿಳಿಯಿತು.

ಅಕ್ಕ ಬಂದು ಪಕ್ಕದಲ್ಲಿ ನಿಂತಳು. ಅಡ್ಡಕ್ಕೆ ಮಲಗಿದ್ದ ಇಂಜಿನ್ನಿನ ಮೇಲೆ ನಾಲ್ಕು ಕಾಯಿಲ್ಲುಗಳು ಎಡದಿಂದ ಬಲಕ್ಕೆ ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಭಾವ ತಮ್ಮ ಸುಂದರ ಅಕ್ಷರದಲ್ಲಿ ಅಂಕಿ ಬರೆದಿದ್ದರು.

"ಒಂದನೇದು ಯಾವುದು?" ಎಂದಳು.

"ಬಲಗಡೆಯದು."

"ನೀವು ಎಡಗಡೆ ತುದೀಲಿ ಒಂದು ಅಂತ ಬರೆದಿದ್ದೀರಲ್ಲ."

"ಅದು ನಮಗೆ ಎಡ ಕಣೇ. ರೋಗಿಗೆ ಬಲ."

ಅಕ್ಕ ಆ ಅಂಕಿಯ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ರೋಗಿ ಯಾರು?"

ಭಾವ ಬಾಯಿ ತೆರೆದರು. ಹಾಗೇ ಉಳಿದರು. ಬೇರೆ ಯಾರಾದರೂ ಹಾಗೆ ಬಾಯಿ ತೆರೆದು ನಿಂತಿದ್ದರೆ ಅವರೇ ಕನ್ನಡಿ ತೂರಿಸಿ ನೋಡುತ್ತಿದ್ದರು. ದಂತವೈದ್ಯರು ರೋಗಿಯ ಎದುರು ನಿಂತು, ರೋಗಿಯ ಬಲಗಡೆಯಿಂದ ಲೆಕ್ಕ ಶುರುಮಾಡುತ್ತಾರೆ. ಅದು ಅವರ ಕೈಗೆ, ಕಣ್ಣಿಗೆ, ನಿದ್ದೆಗೂ ಅಂಟಿದ ಅಭ್ಯಾಸ. ಇಂಜಿನ್ ಮಾಡಿದವರಿಗೆ ಆ ಅಭ್ಯಾಸವಿಲ್ಲ. ಅವರು ಬೆಲ್ಟು ಇರುವ ತುದಿಯಿಂದ ಎಣಿಸುತ್ತಾರೆ. ಈ ಇಂಜಿನ್ನಿನ ಬೆಲ್ಟು ಇದ್ದದ್ದು ಆಚೆಯ ತುದಿಗೆ. ಹಳೆಯ ತಂತಿಗಳ ಮೇಲೆ ಯಾವನೋ ಮೆಕ್ಯಾನಿಕ್ಕು ಗುರುತು ಹಾಕಿದ್ದರಿಂದ ಅಲ್ಲಿಯವರೆಗೆ ಬಚಾವಾಗಿತ್ತು. ಹೊಸವಕ್ಕೆ ಭಾವನೇ ಅಂಕಿ ಕೊಟ್ಟರು. ಪಾಪ, ಡಬ್ಬಿ ಒಂದಕ್ಕೆ ಬೆಂಕಿ ಕೊಡು ಎಂದರೆ ನಾಲ್ಕು ಉರಿಯುತ್ತಿತ್ತು. ಆ ಹೊತ್ತಿಗೆ ನಾಲ್ಕನೆಯದು ಹೊಗೆ ಹೊರಹಾಕುವ ಕೆಲಸದಲ್ಲಿತ್ತು. ಢಂ ಎನ್ನದೆ ಇನ್ನೇನು ಮಾಡೀತು!

ಇದನ್ನೆಲ್ಲ ಕೇಳಿಸಿಕೊಂಡ ಅಪ್ಪ, ನಾಲಗೆಯಿಂದ ತಮ್ಮ ಕೆನ್ನೆಯೊಳಗೆ ಏನನ್ನೋ ತಡವಿ ನೋಡಿಕೊಂಡರು. "ಹೋದ ತಿಂಗಳು ನಂದು ಒಂದು ಹಲ್ಲು ಕಿತ್ತಿರಲ್ಲ ಅಳಿಯಂದ್ರೇ, ಅದು ಯಾರ ಬಲಗಡೇದು?"

ಭಾವನಿಗೆ ತುಂಬಾ ಕೆಲಸವಿದ್ದದ್ದರಿಂದ ಅದು ಕಿವಿಗೆ ಬೀಳಲಿಲ್ಲ. ನಾಲ್ಕೂ ಕಾಯಿಲ್ಲುಗಳ ತಂತಿಯನ್ನು ಕಿತ್ತು, ಈ ತುದಿಯದನ್ನು ಆ ತುದಿಗೆ, ಆ ತುದಿಯದನ್ನು ಈ ತುದಿಗೆ, ನಡುವಿನವೆರಡನ್ನು ಅದಲು ಬದಲು ಮಾಡಿ ಸಿಕ್ಕಿಸಿದರು. ಚಾವಿ ತಿರುಗಿಸಿದರು. ಇಂಜಿನ್ನು ಒಂದೇ ಏಟಿಗೆ ಹೊತ್ತಿಕೊಂಡು, ಹೊಟ್ಟೆ ತುಂಬಿದ ಹುಲಿಯ ಹಾಗೆ ಗುರುಗುಟ್ಟಿತು. ಎದುರು ಮನೆಯ ಕಿಟಕಿಯಿಂದ ಯಾರೋ ಚಪ್ಪಾಳೆ ತಟ್ಟಿದರು.

ಆದರೆ ಏರು ಇನ್ನೂ ಇತ್ತು. ತಮ್ಮ ಕಾರನ್ನು ಏರಿಗೆ ಓಡಿಸುವಷ್ಟು ನಂಬಿಕೆ ಅಪ್ಪನಿಗೆ ಇದ್ದದ್ದು ಒಬ್ಬಳ ಮೇಲೆ. ಅಕ್ಕ ಸ್ಟೇರಿಂಗ್ ಹಿಡಿದಳು, ಅಪ್ಪ ಎಂದಿನಂತೆ ಪಕ್ಕದಲ್ಲಿ, ಹಿಂದೆ ಭಾವ ಮತ್ತು ನಾನು. ಸೋಫಾದವನು ತನ್ನ ಸ್ಕೂಟರಿನಲ್ಲಿ ಹೆಣದ ಹಿಂದಿನ ಹದ್ದಿನಂತೆ ಹಿಂಬಾಲಿಸಿದ. ಏರಿನ ಬುಡದಲ್ಲಿ ಅಕ್ಕ ಗೇರು ಇಳಿಸಿ ಕಾಲು ಒತ್ತಿದಳು. ಟರ್ಬೊ ಶಿಳ್ಳೆ ಹಾಕಿತು. ಕಿಡಿ ಆರಲಿಲ್ಲ! ಕಾರು ನಮ್ಮ ಬೆನ್ನುಗಳನ್ನು ಸೀಟಿಗೆ ಅಂಟಿಸಿ ಮೇಲಕ್ಕೆ ಚಿಮ್ಮಿತು. ಭಾವ ನನ್ನ ತೊಡೆಯನ್ನು ತಮ್ಮದೆಂದು ತಿಳಿದು ಜೋರಾಗಿ ತಟ್ಟಿದರು.

ಅರ್ಧ ಏರಿಗೆ ಬಂದಾಗ ಕಾರು ಇದ್ದಕ್ಕಿದ್ದಂತೆ ಭಾರವಾಯಿತು. ಇಂಜಿನ್ನು ಗರ್ಜಿಸುತ್ತಿದೆ, ಚಕ್ರ ಮುಂದೆ ಹೋಗಲೊಲ್ಲದು. ವೇಗ ಇಳಿಯುತ್ತಾ ಇಳಿಯುತ್ತಾ ನಡೆಯುವವರ ಲೆಕ್ಕಕ್ಕೆ ಬಂತು. ಹಿಂದೆ ಸ್ಕೂಟರಿನ ಹಾರನ್ನು ಹರ್ಷದಿಂದ ಕೂಗಿತು. ಭಾವನ ಮುಖ ಬಿಳುಚಿ, ಗ್ರೀಸು ಮಾತ್ರ ಉಳಿಯಿತು. ಮತ್ತೆ ಕಿಡಿಯೇ ಹೋಯಿತೆಂದು ಅವರು ಕಣ್ಣು ಮುಚ್ಚಿ ತಲೆಯನ್ನು ಕೈಯಲ್ಲಿ ಹಿಡಿದರು.

ಅಕ್ಕ ತಲೆ ತಿರುಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. ಆ ಕಾರಿನಲ್ಲಿ ಕಲಿತವರಿಗೆ ಆ ಭಾರ ಗೊತ್ತು.

"ಅಪ್ಪಾ, ಕಾಲು ತೆಗಿ."

ಅಪ್ಪ ಕೆಳಗೆ ನೋಡಿದರು. ಜೀವಮಾನವೆಲ್ಲ ಶಿಷ್ಯರ ವೇಗಕ್ಕೆ ಹೆದರಿ ಹೆದರಿ ಪಳಗಿದ ಕಾಲು, ಯಜಮಾನನ ಅಪ್ಪಣೆ ಕೇಳದೆ ಹೋಗಿ ತನ್ನ ಬ್ರೇಕಿನ ಮೇಲೆ ನಿಂತುಬಿಟ್ಟಿತ್ತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು. ಆಮೇಲೆ ನಡೆದದ್ದನ್ನು ಏರು ಹತ್ತಿದ್ದು ಎನ್ನಲಾಗದು, ಏರೇ ನಮ್ಮ ಕೆಳಗಿನಿಂದ ಜಾರಿಹೋಯಿತು! ತುದಿಯಲ್ಲಿ ನೀರಿನ ಟ್ಯಾಂಕಿನ ಸುತ್ತ ಅಕ್ಕ ಒಂದು ಸುತ್ತು ಹೊಡೆದಳು, ಬೇಕಿರಲಿಲ್ಲ, ಸುಮ್ಮನೆ ಇನ್ನೊಂದು ಹೊಡೆದಳು. ಸೋಫಾದವನ ಸ್ಕೂಟರು ಅರ್ಧ ಏರಿನಲ್ಲಿ ಉಸಿರು ಕಟ್ಟಿ ನಿಂತಿತ್ತು, ಅವನು ಅದನ್ನು ತಳ್ಳುತ್ತಿದ್ದ.

ಅಪ್ಪ ಕೆಳಗಿಳಿದು ಕಾರಿನ ತಲೆ ಸವರಿದರು. ಅಕ್ಕನ ಕಣ್ಣು ಒದ್ದೆಯಾಗಿತ್ತು, ಗಾಳಿಗಂತೆ. ಭಾವ ಎದೆ ಉಬ್ಬಿಸಿಕೊಂಡು ಇಳಿದರು. ಆ ಎದೆಯ ಮೇಲೆ ಪದಕವೊಂದು ಇರದಿದ್ದದ್ದು ನಮ್ಮೆಲ್ಲರ ತಪ್ಪೆಂಬಂತೆ ನಿಂತರು. ಎಲ್ಲರ ಎದುರಿಗೇ, ಗೆದ್ದ ಗಂಡಸು ಎಂದೂ ಕೇಳಬಾರದ ಪ್ರಶ್ನೆಯನ್ನು ಕೇಳಿಬಿಟ್ಟರು.

"ನಿಜ ಹೇಳು. ನಾನು ಮಾಡ್ತೀನಿ ಅಂತ ನಂಬಿದ್ದೆ ತಾನೇ ನೀನು?"

ಅಕ್ಕ ಚಾವಿಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ಜಿಪ್ಪು ಎಳೆದಳು.

"ಇಲ್ಲ. ಸೋಫಾಗೆ ನೀಲಿ ಬಟ್ಟೆ ಹಾಕು ಅಂತ ಅವನಿಗೆ ಶುಕ್ರವಾರಾನೇ ಹೇಳಿಟ್ಟಿದ್ದೆ."